ಆಲಿಸುವ ಪತ್ರಿಕೆಯಲ್ಲಿ ಮಗಳನ್ನು ಫೇಲು ಮಾಡುವ ಕುರಿತು

ಮನೋವಿಜ್ಞಾನ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ, ತಾವೂ ತಮ್ಮ ಪಠ್ಯಕ್ರಮವೂ ಕ್ಷೇಮವೆಂದು ನಂಬಿ, ಮೂವತ್ತೊಂದು ವರ್ಷಗಳಿಂದ ಊರವರ ಕೂದಲು ಕತ್ತರಿಸುತ್ತಿರುವ ಕ್ಷೌರಿಕನೂ ತಮ್ಮ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳ ತಂದೆಯೂ ಆದ ನಾನು ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ:

ಪದವಿ ಮಗಳದಾದರೂ ಅದರ ಕಡ್ಡಾಯ ಪತ್ರಿಕೆಗಳಿಗೆಲ್ಲ ತಲೆ ಕೊಟ್ಟವನು ನಾನು. ಮೊದಲ ವರ್ಷದ ಸ್ಮರಣಶಕ್ತಿ ಪ್ರಯೋಗಕ್ಕಾಗಿ ಅರ್ಥವಿಲ್ಲದ ಇಪ್ಪತ್ತು ಪದಗಳನ್ನು ಬಾಯಿಪಾಠ ಮಾಡಿದೆ. ಇಂದಿಗೂ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುವಾಗ ಅವು ತಾವಾಗಿ ಬಾಯಿಗೆ ಬರುತ್ತವೆ. ಎರಡನೇ ವರ್ಷ ಅಸಹಜ ಮನೋವಿಜ್ಞಾನದ ಪುಸ್ತಕ ಬಂದ ವಾರದಲ್ಲೇ ಪ್ರತಿ ಅಧ್ಯಾಯದಲ್ಲೂ ನನ್ನ ಭಾವಮೈದ ಸಿಕ್ಕಿದ. ಮಗಳು ಅದನ್ನು ಅವನ ಮುಂದೆಯೇ ಓದಿ ಹೇಳಿದ್ದರಿಂದ ಅವನೀಗ ನಮ್ಮ ಮನೆಗೆ ಕಾಲಿಡುವುದಿಲ್ಲ, ಈ ಉಪಕಾರಕ್ಕೆ ನಾನು ವಿಭಾಗಕ್ಕೆ ಋಣಿ. ಸಂಖ್ಯಾಶಾಸ್ತ್ರದಲ್ಲಿ ಮಾತ್ರ, ನನ್ನ ಉತ್ತರಗಳು ಸರಾಸರಿಯಿಂದ ತೀರಾ ದೂರ ಇವೆಯೆಂದು ನನ್ನನ್ನು ಪಟ್ಟಿಯಿಂದಲೇ ತೆಗೆದುಹಾಕಿದಳು.

ಇವು ಯಾವುವೂ ದೂರುಗಳಲ್ಲ. ದೂರಿರುವುದು ಐದನೇ ಸೆಮಿಸ್ಟರಿನ ‘ಆಲಿಸುವ ಕೌಶಲ’ದ ಮೇಲೆ. ವಿದ್ಯಾರ್ಥಿಯು ಒಬ್ಬ ವ್ಯಕ್ತಿಯ ಮಾತನ್ನು ಇಪ್ಪತ್ತು ಗಂಟೆ, ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ, ಫೋನು ನೋಡದೆ ಕೇಳಬೇಕೆಂದು ತಾವು ಕಡ್ಡಾಯ ಮಾಡಿದಿರಿ. ದಿನವಿಡೀ ಗಿರಾಕಿಗಳ ಸೊಸೆ, ಸೊಂಟನೋವು, ಸಾಹೇಬರ ಕಿರುಕುಳಗಳಿಗೆಲ್ಲ ಹೌದೌದು ಎನ್ನುವುದೇ ನನ್ನ ಕಸುಬು. ನನ್ನ ಮಾತು ಕೇಳುತ್ತಿದ್ದವಳು ಹೆಂಡತಿಯೊಬ್ಬಳೇ, ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂಥವನ ಎದುರು ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು, ತಾವು ಕೊಟ್ಟ ಹಾಳೆ ನೋಡಿಕೊಂಡು, ಆಗ ನಿನಗೆ ಏನನ್ನಿಸಿತಪ್ಪಾ ಎಂದು ಕೇಳಿದಳು. ಹಾಳೆ ನೋಡಿ ಕೇಳಿದ್ದೆಂದು ಗೊತ್ತಿದ್ದೂ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

ಹತ್ತೊಂಬತ್ತು ಗಂಟೆ ಅಂಗಡಿಯ ಕಥೆಗಳಲ್ಲೇ ಕಳೆದದ್ದು ನನ್ನ ತಪ್ಪು. ಕೊನೆಯ ಗಂಟೆಯಲ್ಲಿ ಧೈರ್ಯ ಮಾಡಿ, ಚಿಕಿತ್ಸೆಗೆ ಮುಂಚೆ ಅವಳಮ್ಮನ ಕೂದಲನ್ನು ನಾನೇ ತೆಗೆಯಬೇಕಾಗಿ ಬಂದ ದಿನದ ಮಾತೆತ್ತಿದೆ. ಅಂಗಡಿಯ ಬಾಗಿಲು ಹಾಕಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಕತ್ತರಿ ಕೈಗೆತ್ತಿಕೊಂಡೆ ಎನ್ನುವಷ್ಟರಲ್ಲಿ ಇಪ್ಪತ್ತು ಗಂಟೆ ತುಂಬಿತು. ಮಗಳು ತಮ್ಮ ನಿಯಮದಂತೆ ಧನ್ಯವಾದ ಹೇಳಿ, ನನ್ನ ಸಹಿ ಹಾಕಿಸಿಕೊಂಡು ಎದ್ದಳು. ಮೂರು ತಿಂಗಳಾಯಿತು, ನಾನು ಕತ್ತರಿ ಹಿಡಿದುಕೊಂಡು ಅಲ್ಲೇ ನಿಂತಿದ್ದೇನೆ. ಅವಳಿಗೆ ತೊಂಬತ್ತನಾಲ್ಕು ಅಂಕ ಬಂದಿದೆ.

ಆದ್ದರಿಂದ, ಲೋಕದ ಬೇರೆ ಯಾವ ತಂದೆಯೂ ತಮ್ಮಲ್ಲಿ ಬೇಡಿರಲಾರದ ಒಂದು ಅನುಗ್ರಹವನ್ನು ಬೇಡುತ್ತಿದ್ದೇನೆ: ಆ ಅಂಕಗಳನ್ನು ಹಿಂದಕ್ಕೆ ಪಡೆದು ಅವಳನ್ನು ಫೇಲು ಮಾಡಿ, ಇಪ್ಪತ್ತು ಗಂಟೆಯನ್ನು ಮತ್ತೆ ಮಾಡಿಸಿ. ನಿಯಮ ಅಡ್ಡಬಂದರೆ ಹದಿನೈದು ನಿಮಿಷದ ಪೂರಕ ಪರೀಕ್ಷೆಯಾದರೂ ಸಾಕು, ಬೇಗ ಬೇಗ ಹೇಳಿ ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ಪ್ರಯೋಗಕ್ಕೆ ಒಳಪಟ್ಟ ವ್ಯಕ್ತಿ, ಸಂಖ್ಯೆ ಹದಿನಾಲ್ಕು

ಮತ್ತೊಂದು ಮಾತು: ಅಂಚೆಗೆ ಹಾಕುವ ಮುಂಚೆ ಇದನ್ನು ಮಗಳಿಗೆ ಓದಿ ಹೇಳೋಣವೆಂದು ಹೋಗಿದ್ದೆ. ನಾಳೆ ‘ಕುಟುಂಬ ಸಂಬಂಧಗಳು’ ಪತ್ರಿಕೆಯ ಪರೀಕ್ಷೆಯಂತೆ, ಅದಕ್ಕೆ ಓದುತ್ತಿದ್ದಾಳೆ, ಪುರುಸೊತ್ತಿಲ್ಲವಂತೆ.