ಆನೆಮರಿಯ ಮುಖ ಒರೆಸಿದ ಬೆಳಗು

ಎರಡೂವರೆ ತುಂಬಿದರೂ ಮಗಳು ಜಯದೇವಿ ಒಂದೇ ಒಂದು ಮಾತು ಆಡಿಲ್ಲವಲ್ಲ! ಈ ಚಿಂತೆ ವಿಮಲಳನ್ನು ಒಲೆಯ ಮುಂದೆಯೂ ಬಿಡಲಿಲ್ಲ, ಒಗೆಯುವ ಕಲ್ಲಿನ ಮುಂದೆಯೂ ಬಿಡಲಿಲ್ಲ. ರಾಜಾಜಿನಗರದ ಆ ಬೀದಿಯ ಮಕ್ಕಳೆಲ್ಲ ಅರಳು ಹುರಿದಂತೆ ಹರಟುತ್ತಿದ್ದವು. ಎದುರುಮನೆಯ ಪೋರನಂತೂ ಹಾಲಿನವನನ್ನೇ ಗದರುತ್ತಿದ್ದ. ಇವಳದು ಮಾತ್ರ ಕಣ್ಣರಳಿಸಿಕೊಂಡು ಅಖಂಡ ಮೌನವ್ರತ!

ತಪ್ಪು ಯಾರದೆಂದು ವಿಮಲ ಪತ್ತೆಹಚ್ಚಿದ್ದಳು. ಅತ್ತೆ ಮುನಿತಾಯಮ್ಮನದು! ದಿನಾ ಬೆಳಿಗ್ಗೆ ಒದ್ದೆ ಸೆರಗಿನಿಂದ ಮೊಮ್ಮಗಳ ಮುಖ ಒರೆಸಿ, "ಏಳವ್ವಾ ಬಂಗಾರಿ, ವೊತ್ತುಟ್ತು" ಎಂದು ಎಬ್ಬಿಸುತ್ತಿದ್ದರು.

"ಅತ್ತೆ, ಹೊತ್ತು ಹುಟ್ಟಿತು ಅಂತ ಬಿಡಿಸಿ ಹೇಳಿ. ಹೀಗಂದ್ರೆ ಮಗು ಏನು ಕಲಿಯತ್ತೆ?"

"ಸರಿ ಕಣವ್ವ, ಓದ್ದೋಳು ನೀನು. ನೀನೇ ಎಬ್ಬುಸ್ಕೋ."

ಮಾರನೆಯ ದಿನವೇ ಅತ್ತೆ ಚೀಲ ಹಿಡಿದು ವಿಜಯನಗರದ ಮಗಳ ಮನೆಗೆ ಹೊರಟುಹೋದರು.

"ಒಂದು ಫೋನ್ ಮಾಡೇ, ಬರ್ತಾಳೆ ಅವ್ವ," ಎಂದ ಗಂಡ ಮುನಿರಾಜು.

"ನಾನಾ? ಹದಿನೈದೇ ದಿನ ತಡೀರಿ, ಮಗಳ ಕೈಲಿ ಭಾಷಣ ಮಾಡಿಸ್ತೀನಿ!"

ಪಕ್ಕದ ಮನೆಯ ಅನಂತಲಕ್ಷ್ಮಿ ಟೀಚರಿಂದ ಚಿತ್ರದ ಪುಸ್ತಕವೊಂದನ್ನು ಕಡ ತಂದಳು. ಕಾಡಿನಲ್ಲಿ ಬೆಳಗಾಗುತ್ತದೆ. ಆನೆಮರಿ, ಕರಡಿಮರಿ, ಜಿಂಕೆಮರಿ ಒಂದೊಂದಾಗಿ ಕಣ್ಣುಬಿಡುತ್ತವೆ.

"ಜೋಪಾನ ಕಣಮ್ಮ, ಸ್ಕೂಲಿನ ಪುಸ್ತಕ," ಎಂದಿದ್ದರು ಟೀಚರ್.

ಶುರುವಾಯಿತು ಮಹಾಯಜ್ಞ! ವಿಮಲ ಆನೆಯಾಗಿ ಘೀಳಿಟ್ಟಳು, ಜಿಂಕೆಯಾಗಿ ನೆಗೆದಳು. ಕರಡಿಯಾಗಿ ಗುರ್ರೆಂದಾಗ ಗಡ್ಡ ಹೆರೆಯುತ್ತಿದ್ದ ಮುನಿರಾಜುವಿನ ಕೆನ್ನೆ ಕುಯ್ದುಕೊಂಡಿತು! ಮಗು ಮಾತ್ರ ಮರಿಗಳೆಲ್ಲ ಮಲಗಿರುವ ಮೊದಲನೆಯ ಪುಟ ಬಿಟ್ಟು ಕದಲಲಿಲ್ಲ. ಅದನ್ನೇ ಸವರುವುದು, ಆಮೇಲೆ ಬೀದಿ ಬಾಗಿಲ ಕಡೆ ನೋಡುವುದು.

ಹದಿನೈದನೆಯ ದಿನ ಹಾಲು ಉಕ್ಕುವ ಸದ್ದಿಗೆ ವಿಮಲ ಅಡುಗೆಮನೆಗೆ ಓಡಿದಳು. ತಿರುಗಿ ಬಂದು ನೋಡಿದರೆ, ಮಗು ನೀರಿನ ಚೊಂಬಿಗೆ ಲಂಗದ ತುದಿ ಅದ್ದಿ ಅದ್ದಿ ಆನೆಮರಿಯ ಮುಖ ಒರೆಸುತ್ತಿದೆ! ಆನೆಯ ಒಂದು ಕಿವಿ ಆಗಲೇ ಕಿತ್ತು ಬಂದಿತ್ತು. ಕರಡಿ ಕಲಸಿದ ಹಿಟ್ಟಾಗಿತ್ತು.

"ಅಯ್ಯೋ, ಟೀಚರ್ ಪುಸ್ತಕಾ!" ಎಂದು ಕೈ ಎತ್ತಿದಳು.

"ಏಳವ್ವಾ," ಎಂದಿತು ಮಗು, ಆನೆಮರಿಗೆ. "ವೊತ್ತುಟ್ತು."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮಗು ಜಿಂಕೆಯ ಮುಖವನ್ನೂ ಒರೆಸಿ, ಅದಕ್ಕೂ ಅದನ್ನೇ ಹೇಳಿ, ಬಾಗಿಲ ಕಡೆ ತಿರುಗಿ ಕೇಳಿತು: "ಅಜ್ಜಿ?"

ವಿಮಲ ಅಲ್ಲೇ ಕೂತು, ನಗುತ್ತಾ ಅಳುತ್ತಾ ಮಗುವನ್ನು ಅಪ್ಪಿಕೊಂಡಳು.

"ಭಾಷಣ ಆಯ್ತು," ಎಂದ ಮುನಿರಾಜು, ಕಣ್ಣೊರೆಸಿಕೊಳ್ಳುತ್ತಾ. "ಇನ್ನು ಅಧ್ಯಕ್ಷರನ್ನ ಕರೀಬೇಕಲ್ಲ?"

ಬೀದಿಗೆಲ್ಲ ಫೋನಿದ್ದದ್ದು ಟೀಚರ ಮನೆಯಲ್ಲೊಂದೇ! ಒಂದು ಕೈಯಲ್ಲಿ ತೊಟ್ಟಿಕ್ಕುವ ಪುಸ್ತಕ, ಕಂಕುಳಲ್ಲಿ ಮಗು, ವಿಮಲ ಅಲ್ಲಿಗೇ ಓಡಿದಳು. ಟೀಚರ್ ಕಿವಿಯಿಲ್ಲದ ಆನೆಯನ್ನು ನೋಡಿದರು, ವಿಮಲಳ ಮುಖ ನೋಡಿದರು, ಸುಮ್ಮನೆ ಫೋನು ಮುಂದಕ್ಕೆ ತಳ್ಳಿದರು. ನಾದಿನಿಯ ಗಂಡನ ಹಿಟ್ಟಿನ ಗಿರಣಿಗೆ ನಂಬರು ತಿರುಗಿಸಿ, ಅತ್ತೆಯನ್ನು ಕರೆಸಿದ್ದಾಯಿತು. ಆ ಕಡೆ ಗಿರಣಿಯ ಗರಗರ.

ಮಗುವಿನ ಬಾಯಿಗೆ ಫೋನು ಹಿಡಿದರೆ ಮತ್ತೆ ಮೌನವ್ರತ!

ಕೊನೆಗೆ ವಿಮಲಳೇ ಬೀದಿಗೆಲ್ಲ ಕೇಳುವಂತೆ ಕಿರುಚಿದಳು: "ತಪ್ಪಾಯ್ತು ಅತ್ತೇ! ಮಗು ಮಾತಾಡಿದ್ಳು! ವೊತ್ತುಟ್ತು ಅಂದ್ಳು! ಬಂದ್ಬಿಡಿ!"

ಗಿರಣಿ ನಿಂತಿತು. ಆ ಕಡೆ ಮೂಗೊರೆಸಿಕೊಂಡ ಸದ್ದು. ಆಮೇಲೆ ಅತ್ತೆಯ ದನಿ:

"ವೊತ್ತುಟ್ತು ಅಂದ್ರೇನವ್ವಾ? ವಸಿ ಬಿಡ್ಸಿ ಹೇಳು!"