ಮುಟ್ಟಾಳೆ ಇದ್ದವರೇ ಬಿಡಬೇಕು

ನಾಲ್ಕು ಜನ ಒಂದೇ ಕಂಪ್ಯೂಟರ್ ಕೋಡಿನಲ್ಲಿ ಕೈಯಾಡಿಸುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದ ವಾರ ಎಂದರೆ ರಜೆಯ ವಾರ.

ಮೂಡುಬಿದಿರೆಯ ನಮ್ಮ ಸಣ್ಣ ಆಫೀಸು ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಹೊಸ ಕೋಡನ್ನು ಸರ್ವರಿಗೆ ಏರಿಸುವುದಕ್ಕೆ ನಮ್ಮಲ್ಲಿ 'ಬಿಡುವುದು' ಎನ್ನುತ್ತಾರೆ. ಇಬ್ಬರು ಒಟ್ಟಿಗೆ ಬಿಟ್ಟರೆ ಒಬ್ಬರದು ಮಾಯ.

ಆ ವಾರ ಅವಸರವಿದ್ದದ್ದು ತೋಡಾರಿನ ಸಹೋದ್ಯೋಗಿಗೆ. ಅವನ ಬಾಪ, ಬ್ಯಾರಿ ಮಾತಿನಲ್ಲಿ ಅಪ್ಪ, ಗಲ್ಫಿನಲ್ಲಿ ಶಾಲಾ ಬಸ್ಸಿನ ಡ್ರೈವರ್. ರಜೆ ಮುಗಿಸಿ ಗುರುವಾರ ಹೊರಡುವವರು. ಮಗನದು ಟೈಪಿಂಗ್ ಕೆಲಸ ಎಂದೇ ಅಪ್ಪನ ನಂಬಿಕೆ. ಶಾಲಾ ಬಸ್ಸು ಎಲ್ಲಿದೆ ಎಂದು ಹೆತ್ತವರಿಗೆ ತೋರಿಸುವ ಪುಟವನ್ನು ಇವನೊಬ್ಬನೇ ಬರೆದಿದ್ದ. ಬಾಪ ವಿಮಾನ ಹತ್ತುವ ಮೊದಲು ಅದನ್ನು ನೋಡಬೇಕಿತ್ತು.

೧. ಬಿಡುವ

ಸೋಮವಾರ ಅವನು ಕೊಕ್ಕಡದಿಂದ ಬರುವ ಹಿರಿಯ ಸಹೋದ್ಯೋಗಿಯನ್ನು ಕೇಳಿದ, "ಅಕ್ಕ, ಬಸ್ಸಿನ ಪುಟ ಬಿಡುವನಾ?"

"ಬಿಡುವ ಮಾರಾಯ."

ಬಿಟ್ಟ. ಹತ್ತು ನಿಮಿಷದಲ್ಲಿ ಆಕೆ ತನ್ನಲ್ಲಿದ್ದ ಹಳೆ ಪ್ರತಿಯಿಂದ ಹಾಜರಿ ಪುಟ ಬಿಟ್ಟರು. ಬಸ್ಸು ಮಾಯ.

"ನೀವೇ ಬಿಡುವ ಅಂದದ್ದಲ್ವಾ?"

"ಇವತ್ತಿಗೆ ಬಿಟ್ಟುಬಿಡುವ, ನಾಳೆ ನೋಡುವ ಅಂತ ಹೇಳಿದ್ದು."

ತುಳುವಿನಲ್ಲಿ ಕೇಳಬೇಕಿತ್ತು ಎಂದೆ. ಇಬ್ಬರೂ ನನ್ನನ್ನೇ ನೋಡಿದರು. ತುಳುವಿನಲ್ಲಿ ಅದು 'ಬುಡ್ಕ'. ಅದಕ್ಕೂ ಅರ್ಥ ಎರಡೇ.

೨. ತಲೆ

ಬೆಳುವಾಯಿಯ ನಮ್ಮ ಧಣಿಗಳು ಮರುದಿನ ಮುಟ್ಟಾಳೆ ತಂದರು, ಗದ್ದೆಯಲ್ಲಿ ಹಾಕುವ ಅಡಿಕೆ ಹಾಳೆಯ ಟೊಪ್ಪಿ. "ಇದು ಯಾರ ತಲೆಯಲ್ಲಿ ಉಂಟೋ ಅವರು ಮಾತ್ರ ಬಿಡುವುದು."

ಇದಕ್ಕೆ ಕಂಪ್ಯೂಟರಿನಲ್ಲೇ ಬೀಗ ಉಂಟು ಎಂದೆ. ಎಂಜಿನಿಯರಿಂಗ್ ಓದಿದವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಎಲ್ಲರೂ ಓದಿದವರೇ.

ಬುಧವಾರ ಮಧ್ಯಾಹ್ನ ಟೊಪ್ಪಿಯೇ ಇಲ್ಲ. ಕೆಲಸ ನಿಂತಿತು. ತೋಡಾರಿನವನು ಧಣಿಗಳಿಗೆ ಫೋನ್ ಮಾಡಿದ.

"ಟೊಪ್ಪಿ ಎಲ್ಲಿ ಉಂಟು?"

"ತಲೆಯಲ್ಲೇ ಉಂಟು."

"ತಲೆ ಎಲ್ಲಿ ಉಂಟು?"

"ಬೆಳುವಾಯಿಯಲ್ಲಿ. ಊಟಕ್ಕೆ ಬಂದೆ, ಬಿಸಿಲಲ್ವಾ?"

೩. ಬಿಂದು

ಗುರುವಾರ ಬೆಳಿಗ್ಗೆ ಬಾಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲಿಗೆ ಬಂದು ನಿಂತರು. ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಕೆಳಗೆ ಕಾಯುತ್ತಿತ್ತು. ಮುಟ್ಟಾಳೆ ಆಗ ಕೊಕ್ಕಡದ ಅಕ್ಕನ ತಲೆಯಲ್ಲಿ. ಅವರ ಕೆಲಸ ಅರ್ಧ ಆಗಿತ್ತು. ಆಕೆ ಒಮ್ಮೆ ಬಾಗಿಲ ಕಡೆ ನೋಡಿ, ಎದ್ದು ಬಂದು, ಟೊಪ್ಪಿಯನ್ನು ಅವನ ತಲೆಗೆ ಇಟ್ಟರು. "ನನ್ನದು ನಾಳೆಯೂ ಆಗ್ತದೆ."

ನಿಯಮದಲ್ಲಿ ಹಾಗಿಲ್ಲ. ಅವನು ಬಿಟ್ಟ.

ಪುಟ ತೆರೆಯಿತು. ನಕ್ಷೆಯ ಮೇಲೆ ಬಸ್ಸಿನ ಕೆಂಪು ಬಿಂದು, ಅಲುಗಾಡುತ್ತಿಲ್ಲ.

"ನೆಟ್‌ವರ್ಕ್ ಇಲ್ಲ, ಬಾಪ," ಎಂದ ಮಗ, ಬೆವರು ಒರೆಸುತ್ತಾ.

ಬಾಪ ಕನ್ನಡಕ ಹಾಕಿ ಬಗ್ಗಿ ನೋಡಿದರು. "ನೆಟ್‌ವರ್ಕ್ ಅಲ್ಲ. ಚಾಯ ಕುಡೀತಿದ್ದಾನೆ."

ಧಣಿಗಳು ಡ್ರೈವರಿಗೆ ಫೋನ್ ಮಾಡಿದರು. ಹೌದು, ಚಾಯ.

ಬಾಪ ಬಿಂದುವನ್ನು ತುಂಬ ಹೊತ್ತು ನೋಡಿದರು. ಮಗನ ಹೆಗಲ ಮೇಲೆ ಕೈಯಿಟ್ಟು, ನಮಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು:

"ಒಳ್ಳೆ ಕೆಲಸ ಮಾಡಿದ್ದೀ. ನಮ್ಮ ಕಂಪನಿಗೆ ಮಾತ್ರ ಮಾರಬೇಡ."