ಮಾವನ ಫೋನಿಗೆ ಕುಂಕುಮ

ಆಯುಧಪೂಜೆಯ ಬೆಳಗ್ಗೆ, ಎಂಟು ಗಂಟೆ ಆಗಷ್ಟೇ ದಾಟಿತ್ತು. ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಲೇತ್ ವರ್ಕ್‌ಶಾಪಿನ ಶಟರ್ ಕೆಳಗೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, ಬಾಗಿಲಿಗೆ ಕಟ್ಟಲು ತಂದ ಬಾಳೆಕಂದು ಹಿಡಿದು ನಾನು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನನ್ನ ಸೋದರಮಾವನ ಬಗ್ಗೆ ನಾನು ಏನು ಹೇಳಿದರೂ, ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎನ್ನುತ್ತಾರೆ ಜನ.

ಹೌದು, ಹೊಟ್ಟೆಕಿಚ್ಚೇ! ಎಪ್ಪತ್ತರ ಹತ್ತಿರ ಬಂದ, ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದ ಈ ಮನುಷ್ಯನಿಗೆ ದಿನಾ ಬೆಳಗ್ಗೆ ಎಂಟಕ್ಕೆ ‘ನಮಸ್ಕಾರ, ರಾತ್ರಿ ನಿದ್ದೆ ಹೇಗಿತ್ತು? ಮಾತ್ರೆ ತಗೊಂಡ್ರಾ?’ ಎಂದು ಫೋನಿನಲ್ಲಿ ಸಂದೇಶ ಬರುತ್ತದೆ. ನನಗೆ ಬರುವುದು ನಾಳೆ ಕರೆಂಟ್ ಇಲ್ಲ ಎನ್ನುವ ಸಂದೇಶ.

ಮಾವನಿಗೆ ಬಹಳ ವರ್ಷಗಳಿಂದ ಮನಸ್ಸಿನ ಕಾಯಿಲೆ. ಮಾತ್ರೆ ತೆಗೆದುಕೊಂಡರೆ ಲೇತಿನ ಮುಂದೆ ಅವರನ್ನು ಮೀರಿಸುವವರಿಲ್ಲ. ಬಿಟ್ಟರೆ ಗೋಡೆ ಮಾತಾಡುತ್ತದೆ. ಗೋಡೆ ಹೇಳಿದಲ್ಲಿಗೆ ಇವರು ಹೊರಡುತ್ತಾರೆ. ಒಮ್ಮೆ ಹಾಗೆ ಹೊರಟವರು ನಮಗೆ ಸಿಕ್ಕಿದ್ದು ಅತ್ತಿಬೆಲೆಯ ಗಡಿಯಲ್ಲಿ. ಬರಿಗಾಲಲ್ಲಿ ರಸ್ತೆಯ ನಡುವೆ ನಿಂತು ತಮಿಳುನಾಡಿನ ಲಾರಿಗಳಿಗೆ ದಾರಿ ತೋರಿಸುತ್ತಿದ್ದರು. ಲಾರಿಗಳೂ ಅವರ ಮಾತು ಕೇಳುತ್ತಿದ್ದವು! ಒಂದು ಲಾರಿ ಮಾತ್ರ ಕೇಳಿರಲಿಲ್ಲ. ಅವರ ಅಂಗಿಯ ಬಲತೋಳು ಹರಿದು ನೇತಾಡುತ್ತಿತ್ತು.

ಅಂದಿನಿಂದ ಮಾತ್ರೆ ನುಂಗಿಸುವ ಹೊಣೆ ನನ್ನದಾಯಿತು. ಗದರಿದೆ, ಗೋಗರೆದೆ, ಕಾಲು ಹಿಡಿದೆ. ಕೊನೆಗೆ ಬಾಳೆಹಣ್ಣಿನೊಳಗೆ ಅಡಗಿಸಿ ಕೊಟ್ಟೆ. ಮಾವ ಆ ಹಣ್ಣನ್ನು ಬೀದಿಯ ಹಸುವಿಗೆ ತಿನ್ನಿಸುತ್ತಿದ್ದಾರೆಂದು ನನಗೆ ತಿಳಿಯುವ ಹೊತ್ತಿಗೆ, ಕಂಡವರನ್ನೆಲ್ಲ ಹಾಯುತ್ತಿದ್ದ ಆ ಹಸು ಬೀದಿಗೇ ಸಾಧುವಾಗಿತ್ತು!

ಆಗ ಬಂದವರು ಆಸ್ಪತ್ರೆಯ ಆಪ್ತಸಮಾಲೋಚಕಿ ಸವಿತಾ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಮಾವನ ಫೋನಿಗೆ ಸಂದೇಶ ಬರುವಂತೆ ಮಾಡಿ, “ನೀವು ಉತ್ತರ ಕಳಿಸಿ ಸಾರ್, ನಾನು ಓದ್ತೀನಿ” ಎಂದರು. ಅಷ್ಟೇ! ನಾನು ಕಾಲು ಹಿಡಿದಾಗ ಬಗ್ಗದವರು ಒಂದು ‘ಟಿಂಗ್’ ಸದ್ದಿಗೆ ಬಗ್ಗಿದರು. ಉತ್ತರಿಸುವ ಮೊದಲು ಇಸ್ತ್ರಿ ಅಂಗಿ ತೊಟ್ಟು ತಲೆ ಬಾಚಿಕೊಳ್ಳುತ್ತಾರೆ. ಅಂಗೈ ಮೇಲೆ ಮಾತ್ರೆ ಇಟ್ಟು ಒಂದು ಫೋಟೋ. ನುಂಗಿ, ನಾಲಿಗೆ ಚಾಚಿ ಇನ್ನೊಂದು. ಎದುರಿಗೆ ಕೂತ ನನಗೆ ಬರೀ ‘ಹ್ಞೂಂ’. ಮೇಡಂಗೆ ರಾತ್ರಿ ಕಂಡ ಕನಸಿನ ಪೂರ್ತಿ ವರದಿ!

ತಡೆಯಲಾರದೆ ಒಂದು ದಿನ ಹೇಳಿಯೇಬಿಟ್ಟೆ. “ಮಾವ, ಬೆಳಗ್ಗೆ ಮೆಸೇಜ್ ಕಳಿಸೋದು ಸವಿತಾ ಮೇಡಂ ಅಲ್ಲ, ಕಂಪ್ಯೂಟರ್ರು. ಎಲ್ಲಾ ಪೇಷಂಟ್‌ಗೂ ಅದೇ ಹೋಗುತ್ತೆ.”

“ಗೊತ್ತು ಕಣೋ. ಆಯಮ್ಮನೇ ಹೇಳಿದಾರೆ.”

“ಮತ್ತೆ? ಮಿಷನ್ನಿಗೋಸ್ಕರ ತಲೆ ಬಾಚ್ಕೋತೀರಾ?”

“ಜೀವಮಾನವೆಲ್ಲ ಮಿಷನ್ ಜೊತೆ ಬದುಕಿದೀನಿ. ಒಂದಿನಾನೂ ತಪ್ಪದೆ ಕೇಳುತ್ತಲ್ಲ, ಅದಕ್ಕೆ ಮರ್ಯಾದೆ ಕೊಡ್ಬೇಕೋ ಬೇಡ್ವೋ? ನೀನೂ ಕೇಳ್ತೀಯಪ್ಪಾ, ಪೊಲೀಸ್ನೋರು ಕೇಳ್ದಂಗೆ!”

ನನಗೆ ನಿದ್ದೆ ಹೇಗಿತ್ತೆಂದು ಯಾರು ಕೇಳಿದ್ದಾರೆ? ಹೆಂಡತಿ ಕೇಳುವುದು, “ರಾತ್ರಿಯೆಲ್ಲ ಯಾಕ್ರೀ ಎದ್ದೆದ್ದು ಕೂತ್ಕೋತೀರಾ? ನನ್ ನಿದ್ದೆ ಹಾಳು!” ಎಂದು.

ಈಗ ಆ ಶಟರಿನ ಕೆಳಕ್ಕೆ ಬರುತ್ತೇನೆ. ನನ್ನ ಫೋನ್ ಬಡಿದುಕೊಂಡಿತು.

“ಸಾರ್, ನಾನು ಸವಿತಾ! ಎಲ್ಲಿದೀರಾ? ಮಾವ ಕಳಿಸಿರೋ ಫೋಟೋ ಪೂರ್ತಿ ಕೆಂಪು ಸಾರ್! ಫೋನ್ ಮಾಡಿದ್ರೆ ಎತ್ತುತ್ತಾ ಇಲ್ಲ. ಓಡಿ ಸಾರ್, ಕೈ ನೋಡಿ, ಎರಡೂ ಕೈ!”

ಬಾಳೆಕಂದು ಬಿಸಾಡಿ ಒಳಗೆ ಓಡಿದೆ. ನೆಲದ ಮೇಲೆ ಕೆಂಪು ನೀರು ಹರಿದಿತ್ತು. ಲೇತಿನ ಪಕ್ಕದಲ್ಲಿ ಮಾವ ಕುಕ್ಕರಗಾಲಿನಲ್ಲಿ ಕೂತಿದ್ದರು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪು. ಅಲ್ಲೇ ಮೊಣಕಾಲೂರಿ ಕೂತೆ. ಆ ಕೈಗಳನ್ನು ಹಿಡಿದು ಉಜ್ಜಿದೆ, ತಿರುಗಿಸಿದೆ, ಮೂಸಿದೆ. ಬೂದುಗುಂಬಳಕಾಯಿಯ ವಾಸನೆ!

“ಸಾಹುಕಾರ್ರ, ಏನ್ ಮಾಡಾಕತ್ತೀರಿ?” ಎಂದ ಶರಣಪ್ಪ, ರಾಯಚೂರು ಕಡೆಯ ನಮ್ಮ ಕೆಲಸಗಾರ. “ದೃಷ್ಟಿ ತೆಗ್ಯಾಕ ಕುಂಬಳಕಾಯಿ ಕೊಯ್ದು ಕುಂಕುಮ ತುಂಬ್ಯಾರ, ಅಷ್ಟ!”

ಫೋಟೋ? ಅದು ನಾನು ಕಂಡದ್ದಲ್ಲ, ಆಮೇಲೆ ಕೇಳಿ ತಿಳಿದದ್ದು. ಲೇತಿಗೆ, ಡ್ರಿಲ್ಲಿಂಗ್ ಮಿಷನ್ನಿಗೆ, ಸ್ಪ್ಯಾನರುಗಳಿಗೆ ಕುಂಕುಮ ಇಟ್ಟ ಮಾವ ಫೋನಿಗೂ ಇಟ್ಟಿದ್ದರು, ಮುಖಕ್ಕೊಂದು, ಬೆನ್ನಿಗೊಂದು. ಬೆನ್ನಿನ ಬೊಟ್ಟು ನೆಟ್ಟಗೆ ಕ್ಯಾಮೆರಾದ ಕಣ್ಣಿನ ಮೇಲೆ! ‘ಟಿಂಗ್’ ಎಂದಾಗ ಎಂದಿನಂತೆ ಅಂಗೈಯ ಫೋಟೋ ಕಳಿಸಿ, ಫೋನನ್ನು ಆಯುಧಗಳ ಸಾಲಿನಲ್ಲಿ ಪೂಜೆಗೆ ಇಟ್ಟಿದ್ದರು. ಅದು ಬಡಿದುಕೊಂಡರೂ ಎತ್ತಲಿಲ್ಲ. ಪೂಜೆಗಿಟ್ಟ ಮಿಷನ್ನನ್ನು ಮಂಗಳಾರತಿಗೆ ಮುಂಚೆ ಯಾರಾದರೂ ಮುಟ್ಟುತ್ತಾರೆಯೇ?

“ಕುಂಕುಮ ಮೇಡಂ. ಬರೀ ಕುಂಕುಮ” ಎಂದೆ ನನ್ನ ಫೋನಿಗೆ. ಅತ್ತ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು.

ಮಾವ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. “ಮಾತ್ರೆ ಆಯ್ತು ಮೇಡಂ. ನಿದ್ದೆ ಚೆನ್ನಾಗಿತ್ತು. ನಂದಿರ್ಲಿ. ನಮ್ಮ ಅಳಿಯಂಗೆ ನಿದ್ದೆ ಇಲ್ಲ. ಅತ್ತಿಬೆಲೆ ಆದ್ಮೇಲೆ, ರಾತ್ರಿ ನಾನು ನೀರು ಕುಡಿಯಕ್ಕೆ ಎದ್ರೂ ಬಂದು ಬಾಗಿಲಿಗೆ ಅಡ್ಡ ನಿಂತ್ಕೋತಾನೆ. ಆ ಮೆಸೇಜ್ ಇವನ ನಂಬರ್‌ಗೂ ಬರೋ ಹಂಗೆ ಮಾಡಿ. ಇವನ್ನ ಯಾರೂ ಕೇಳಲ್ಲ ಮೇಡಂ.”

ಮಾವ ಸ್ಪೀಕರ್ ಹಾಕಿ ಫೋನನ್ನು ನನ್ನ ಮುಂದೆ ಹಿಡಿದರು. “ಸಾರ್, ರಾತ್ರಿ ನಿದ್ದೆ ಹೇಗಿತ್ತು?” ಎಂದು ಸವಿತಾ ಕೇಳಿದರು.

ಇಷ್ಟು ದಿನ ಹೊಟ್ಟೆ ಉರಿಸಿಕೊಂಡದ್ದು ಈ ಒಂದು ಪ್ರಶ್ನೆಗೆ. ನಾನು ಅಂಗಿಯ ತುದಿಯಿಂದ ನೆಲದ ಕೆಂಪು ನೀರು ಒರೆಸತೊಡಗಿದೆ.

ಮಾವ ಕುಂಕುಮದ ಕೈಯನ್ನೇ ನನ್ನ ತಲೆಯ ಮೇಲಿಟ್ಟರು. “ನಾಳೆ ಹೇಳ್ತಾನೆ ಬಿಡಿ ಮೇಡಂ. ಮೊದಲು ತಲೆ ಬಾಚ್ಕೊಳ್ಲಿ.”

ನಾನು ಆ ನೆಲದ ಮೇಲೆ ಮೊಣಕಾಲೂರಿ ಕೂತದ್ದನ್ನು ಶರಣಪ್ಪ ಕಂಡಿದ್ದಾನೆ. ಸಾಕ್ಷಿಗೆ ಅವನು ಇದ್ದಾನೆ, ಕೇಳಿದರೆ ನಗುತ್ತಲೇ ಹೇಳುತ್ತಾನೆ. ಅತ್ತಲಿಂದ ಎಲ್ಲವನ್ನೂ ಕೇಳಿಸಿಕೊಂಡ ಸವಿತಾ ಮೇಡಂ ಇದ್ದಾರೆ. ಮಾವನೂ ಕಂಡಿದ್ದಾರೆ. ಮಾವ ಇದ್ದಾರೆ.